ದಿಲ್ಲಿಯಿಂದ ಕೊಟ್ಟೂರಿಗೆ, ಒಳ್ಳೆ ಗಾಳಿಗಾಗಿ

ನಾನು ದಿಲ್ಲಿಗೆ ಹೋಗಿದ್ದು ಕೆಂಪುಕೋಟೆ ನೋಡುವುದಕ್ಕಲ್ಲ, ಮೊಮ್ಮಗಳನ್ನು ಅಲ್ಲಿಂದ ಬಿಡಿಸಿಕೊಂಡು ಬರುವುದಕ್ಕೆ. ದೀಪಾವಳಿ ಮುಗಿದ ವಾರಕ್ಕೆ ಮಗಳು ಶೈಲಾ ಫೋನ್ ಮಾಡಿ, "ಅವ್ವಾ, ನವ್ಯಾಗ ಮತ್ತ ಉಬ್ಬಸ ಶುರುವಾಗೇತಿ. ಹೊಗಿಗೆ ಸಾಲಿನೂ ಮುಚ್ಯಾರ. ಒಂದೆರಡು ತಿಂಗಳು ಊರಿಗೆ ಕರ್ಕೊಂಡು ಹೋಗು" ಅಂತ ಅತ್ತಳು. ನವ್ಯಾಗೆ ಆರು ವರ್ಷ. ಊರು ಬದಲಿಸಿ ನೋಡಿ ಅಂತ ಡಾಕ್ಟರೂ ಹೇಳಿದ್ದರಂತೆ. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ರಜೆ ಬರೆದುಕೊಟ್ಟು ಹೊರಟೇಬಿಟ್ಟೆ. ಕೊಟ್ಟೂರಿನಿಂದ ಹೊಸಪೇಟೆಗೆ ಬಸ್ಸು. ಆಧಾರ್ ತೋರಿಸಿದೆ, ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲವಲ್ಲ. ಅಲ್ಲಿಂದ ಗುಂತಕಲ್ಲು, ಗುಂತಕಲ್ಲಿನಿಂದ ದಿಲ್ಲಿ ರೈಲು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ.

ಮೂರನೆಯ ದಿನ ದಿಲ್ಲಿಯಲ್ಲಿ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಸೂರ್ಯ ತಿಕ್ಕದೇ ಬಿಟ್ಟ ತಟ್ಟೆಯ ಹಾಗೆ ಮೇಲಿದ್ದ. ಗಂಟಲಿಗೆ ಸುಟ್ಟ ರಬ್ಬರಿನ ವಾಸನೆ ಬಡಿಯಿತು. ಆಟೋದವನು ನಾಲ್ಕುನೂರು ಅಂದ, ಮುನ್ನೂರಕ್ಕೆ ಒಪ್ಪಿದ, ಮನೆ ಮುಟ್ಟುವ ತನಕ ಕೆಮ್ಮಿದ. ಇದು ದೇಶದ ರಾಜಧಾನಿ, ನೋಡ್ರಿ! ಮಕ್ಕಳಿಗೆ ಉಸಿರಾಡಲು ಗಾಳಿ ಕೊಡಲಾಗದವರು ನಮಗೆ ಬುದ್ಧಿ ಹೇಳುತ್ತಾರೆ.

ಶೈಲಾಳ ಮನೆ ಮೂರನೇ ಮಹಡಿಯಲ್ಲಿತ್ತು. ಕಿಟಕಿಯ ಸಂದುಗಳಿಗೆಲ್ಲ ಟೇಪು, ಬಾಗಿಲಿನ ಬುಡಕ್ಕೆ ಹಸಿ ಟವೆಲ್ಲು. ಗಾಳಿ ಶುದ್ಧ ಮಾಡುವ ಯಂತ್ರ ಇದ್ದದ್ದು ಒಂದೇ ಕೋಣೆಯಲ್ಲಿ. ಹಾಗಾಗಿ ಮಗಳು, ಅಳಿಯ, ಕೂಸು, ನಾನು ನಾಲ್ಕೂ ಜನ ಅಲ್ಲೇ ಉಂಡು ಅಲ್ಲೇ ಮಲಗಿದೆವು. ಯಂತ್ರದ ದೀಪ ನೀಲಿ ಇದ್ದರೆ ಕ್ಷೇಮ, ಕೆಂಪಾದರೆ ಗಾಬರಿ. ಮೊದಲ ದಿನ ನಾನು ಸಾರಿಗೆ ಸಾಸಿವೆ ಸಿಡಿಸಿದೆ, ದೀಪ ಕೆಂಪಾಯಿತು. ಶೈಲಾ ಓಡಿ ಬಂದು ಒಲೆ ಆರಿಸಿದಳು. "ಒಗ್ಗರಣಿ ಹಾಕಬ್ಯಾಡವ್ವಾ, ಆಕಿಗೆ ಆಗೂದಿಲ್ಲ." ನಾಲ್ಕು ದಿನ ಒಗ್ಗರಣೆಯಿಲ್ಲದ ಸಾರು ಉಂಡೆ. ಒಂದು ಯಂತ್ರದ ದೀಪ ನನಗೆ ಅಡುಗೆ ಕಲಿಸುವುದೇ ಅಂತ ಹೊಟ್ಟೆ ಉರಿಯಿತು.

ಕೆಳಗಡೆ ಗೇಟಿನ ಕಾವಲುಗಾರ ರಟ್ಟು, ಕಟ್ಟಿಗೆ ಚೂರು ಗುಡ್ಡೆ ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ನನ್ನ ಹಿಂದಿಯನ್ನೆಲ್ಲ ಸೇರಿಸಿ ಅವನನ್ನು ಬೈದೆ. ಮೇಲೆ ಕೂಸಿಗೆ ಉಬ್ಬಸ ಐತಿ, ನಿನಗೆ ತಿಳಿಯೋದಿಲ್ಲವಾ ಅಂದೆ. ಅವನು ಸಿಟ್ಟಾಗಲಿಲ್ಲ. "ಇಡೀ ರಾತ್ರಿ ಹೊರಗೆ ಕೂರುವವನು ನಾನು, ಬೆಹನ್‌ಜೀ. ಯಂತ್ರ ನಿಮ್ಮ ಮನೆಯಲ್ಲಿದೆ" ಅಂತ ಹಿಂದಿಯಲ್ಲೇ ಹೇಳಿ ಇನ್ನೊಂದು ರಟ್ಟು ಹಾಕಿದ. ನಾನು ಮೆಟ್ಟಿಲು ಹತ್ತಿದೆ.

ಐದನೆಯ ದಿನ ನವ್ಯಾಳನ್ನು ಕರೆದುಕೊಂಡು ರೈಲು ಹತ್ತಿದೆ. ಶೈಲಾ ಉಸಿರೆಳೆದುಕೊಳ್ಳುವ ಪಂಪು ನನ್ನ ಕೈಗಿಟ್ಟಳು. "ಇದು ಕೈಗೆ ಸಿಗೂ ಹಂಗ ಇಟ್ಕೊ. ಹೊಗಿ ಹತ್ರ ಬಿಡಬ್ಯಾಡ, ಊದಿನಕಡ್ಡಿನೂ ಬ್ಯಾಡ."

"ನಮ್ಮೂರೇನು ದಿಲ್ಲಿ ಅಲ್ಲ, ಸುಮ್ಕಿರು" ಅಂದೆ. ಪಂಪನ್ನು ಸೂಟ್‌ಕೇಸಿನಲ್ಲಿ ಸೀರೆಗಳ ಬುಡಕ್ಕೆ ಸೇರಿಸಿದೆ.

ಹೊಸಪೇಟೆಯಲ್ಲಿ ಬಸ್ಸು ಹತ್ತಿದ ಮೇಲೆ ನವ್ಯಾ, "ಅಜ್ಜಿ, ಕಿಟಕಿ ತೆಗೀಲಾ?" ಅಂತ ಕೇಳಿದಳು. ಕಿಟಕಿ ತೆಗೆಯಲು ಅಪ್ಪಣೆ ಕೇಳುವ ಕೂಸು! ನಾನೇ ಗಾಜು ಸರಿಸಿದೆ, ಅವಳ ಮಾಸ್ಕ್ ಬಿಚ್ಚಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಒಂದು ಕಡೆ ಒಕ್ಕುವ ಮಷಿನ್ನು ಹೊಟ್ಟು ಹಾರಿಸುತ್ತಿತ್ತು, ಇನ್ನೊಂದು ಹೊಲದಲ್ಲಿ ದಂಟು ಸುಡುತ್ತಿದ್ದರು. ನವ್ಯಾ ಮೂಗು ಮುಚ್ಚಿಕೊಂಡಳು. "ಇದು ಹೊಲದ ಹೊಗಿ, ಪುಟ್ಟಿ. ದಿಲ್ಲಿ ಹೊಗಿ ಅಲ್ಲ, ಏನೂ ಆಗೂದಿಲ್ಲ" ಅಂದೆ. ಅದನ್ನು ಹೇಳಿದ್ದು ಮೂವತ್ತು ವರ್ಷ ಪಾಠ ಮಾಡಿದ ಬಾಯಿ.

ಕೊಟ್ಟೂರು ಮುಟ್ಟಿದಾಗ ಮಧ್ಯಾಹ್ನ ಮೂರು. ಪಕ್ಕದ ಮನೆಯ ಹಾಲಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದರು. "ಅಯ್ಯ ಶಿವನ, ಎಷ್ಟು ಸೊರಗೈತಿ ಕೂಸು! ದೂರದಿಂದ ಬಂದೈತಿ, ದೃಷ್ಟಿ ತಗದು ಒಳಗ ಕರ್ಕೊಳ್ರಿ ಟೀಚರಮ್ಮ." ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು ನನಗೂ ಹಾಗೇ ಅನಿಸಿತು, ಆ ಹಾಳು ಊರಿನದೆಲ್ಲ ಹೊಸ್ತಿಲಲ್ಲೇ ಕಳೆದುಹೋಗಲಿ ಅಂತ. ಹಾಲಮ್ಮ ತಮ್ಮ ಒಲೆಯಿಂದ ಕೆಂಡ ತಂದರು. ನಾನು ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಹಿಡಿಯಲ್ಲಿ ಹಿಡಿದು ಮೂರು ಸಲ ಇಳಿತೆಗೆದು ಕೆಂಡಕ್ಕೆ ಹಾಕಿದೆ. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ಲೆಕ್ಕ. ಗಾಳಿ ಬಾಗಿಲ ಕಡೆಗಿತ್ತೋ ಏನೋ, ನಮ್ಮಿಬ್ಬರಿಗೂ ಒಂದು ಸೀನು ಕೂಡ ಬರಲಿಲ್ಲ.

"ನೋಡ್ರಿ, ಘಾಟೇ ಇಲ್ಲ! ಎಂಥಾ ದೃಷ್ಟಿ ಆಗಿತ್ತು!" ಹಾಲಮ್ಮ ಕೈ ತಟ್ಟಿದರು. ನಾನೂ ನಕ್ಕೆ. ತಿರುಗಿ ನೋಡಿದರೆ ನವ್ಯಾ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ್ದಳು. ಎದೆ ಸಿಳ್ಳೆ ಹೊಡೆಯುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು.

ಪಂಪು ಸೀರೆಗಳ ಬುಡದಲ್ಲಿತ್ತು. ಸೂಟ್‌ಕೇಸಿನ ಬೀಗದ ಕೈ ಸಿಗಲಿಲ್ಲ. ಅದನ್ನು ಬಿಟ್ಟು ಕೂಸನ್ನು ಎತ್ತಿಕೊಂಡು ಎರಡು ಬೀದಿ ಆಚೆಯ ದವಾಖಾನೆಗೆ ಓಡಿದೆ. ಮೂಗಿಗೆ ಔಷಧದ ಆವಿ ಹಿಡಿದರು. ಅರ್ಧ ತಾಸಿಗೆ ಉಸಿರು ಹದಕ್ಕೆ ಬಂತು. ಡಾಕ್ಟರು ಚೀಟಿ ಬರೆಯುತ್ತಾ, "ದಿಲ್ಲಿ ಗಾಳಿ ಕುಡಿದು ಬಂದೈತಲ್ಲಮ್ಮ, ಅದಕ್ಕ" ಅಂದರು.

"ಹೌದ್ರಿ" ಅಂದೆ.

ಸಂಜೆ ಒಲೆಯ ಮುಂದೆ ನಿಂತು ಸಾರು ಕುದಿಸಿದೆ, ಒಗ್ಗರಣೆ ಹಾಕಲಿಲ್ಲ. ಅಷ್ಟರಲ್ಲಿ ಶೈಲಾಳ ಫೋನು ಬಂತು. "ಮುಟ್ಟಿದ್ರೇನವ್ವಾ? ಅಲ್ಲಿ ಗಾಳಿ ಹೆಂಗೈತಿ?"

"ಚಲೋ ಐತಿ" ಅಂದೆ.

ನವ್ಯಾ ನನ್ನನ್ನೇ ನೋಡುತ್ತಿದ್ದಳು. ಎದ್ದು ನನ್ನ ಕೈಚೀಲ ತಡಕಾಡಿ ಮಾಸ್ಕ್ ತೆಗೆದು, ಎರಡೂ ಕಿವಿಗೆ ಸಿಕ್ಕಿಸಿಕೊಂಡು, ನನ್ನಿಂದ ದೂರ ಹೋಗಿ ಕುಳಿತಳು.