ಸೊನ್ನೆಗೆ ತಂದ ಚಿಪ್ಪು

ಮಗಳ ಶಾಲೆಯಲ್ಲಿ ಇವತ್ತು ಪ್ರಾಚೀನ ಮಾಯಾ ಜನರ ಬಗ್ಗೆ ಪ್ರದರ್ಶನ. ಅವರು ಒಂದಕ್ಕೆ ಚುಕ್ಕಿ, ಐದಕ್ಕೆ ಗೆರೆ, ಸೊನ್ನೆಗೆ ಚಿಪ್ಪಿನ ಗುರುತು ಬರೆಯುತ್ತಿದ್ದರಂತೆ. ಮೇಜಿನ ಮೇಲೆ ಪ್ಲಾಸ್ಟಿಕ್ ಚಿಪ್ಪುಗಳು. "ವಾಸನೆಯೇ ಇಲ್ಲ ಸರ್" ಎಂದರು ಟೀಚರ್, ಹೆಮ್ಮೆಯಿಂದ.

ನಾನು ಓದಿದ ಬೈಂದೂರಿನ ಶಾಲೆಯ ಟೀಚರಿಗೂ ಈ ಹುಚ್ಚಿತ್ತು. ಎಲ್ಲೋ ತರಬೇತಿ ಮುಗಿಸಿ ಬಂದವರು ಲೆಕ್ಕಕ್ಕೂ ಚಿತ್ರಕ್ಕೂ ಸಮಾಜಕ್ಕೂ ಮಾಯಾ ಜನರನ್ನೇ ಅರೆದು ಕುಡಿಸಿದರು. ಚುಕ್ಕಿಗೆ ಹುಣಸೆ ಬೀಜ, ಗೆರೆಗೆ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿ, ಸೊನ್ನೆಗೆ ಚಿಪ್ಪು ತರಬೇಕು. ಅಮ್ಮ ಮೀನಿನ ಬುಟ್ಟಿ ಇಳಿಸಿದವಳೇ ಒಳಗಿನ ಮಾಂಸ ನಾವು ತಿನ್ನುವ ಮರುವಾಯಿಯ ಚಿಪ್ಪನ್ನು ಬೂದಿ ಹಾಕಿ ತಿಕ್ಕಿ ಕೊಟ್ಟಳು. ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಎಂತ ನಾತ ಮಾರಾಯ, ಹೊರ್ಗೆ ಬಿಸಾಡಿ ಬಾ."

ನನ್ನ ಸೊನ್ನೆಗೆ ಅಂಗಿಯ ಗುಂಡಿ ಬಂತು. ಮುಂದಿನ ಪಾಠದಲ್ಲಿ ಅದೇ ಬಾಯಿ ಕಡಲತೀರದಲ್ಲಿ ಮೀನು, ಚಿಪ್ಪುಮೀನು ತಿಂದು ಬದುಕಿದ ಮಾಯಾ ಜನ ಎಷ್ಟು ದೊಡ್ಡವರೆಂದು ಹೊಗಳಿತು.

ಅಂದು ಸಂಜೆ ಇದನ್ನು ಹೇಳಿದಾಗ ಅಮ್ಮ ಒಲೆಯಿಂದ ತಲೆಯೆತ್ತಲಿಲ್ಲ. "ಅವ್ರ್ ತಿಂದ್ರೆ ಪಾಠ, ನಾವ್ ತಿಂದ್ರೆ ನಾತ ಅಂಬ್ರಾ?"

ಇಲ್ಲಿ ಪ್ರದರ್ಶನದ ಮೇಜಿನ ಬಳಿ ಮಗಳು ಪ್ಲಾಸ್ಟಿಕ್ ಚಿಪ್ಪನ್ನು ತಿರುಗಿಸಿ ನೋಡಿದಳು. "ಪಪ್ಪ, ಇದ್ರೊಳಗೆ ಎಂತ ಇರತ್ತೆ?"

ಬುತ್ತಿಯಲ್ಲಿ ಮೀನು ತರಬಾರದೆಂಬ ನಿಯಮದ ಶಾಲೆಯಿದು. ನಾಳೆ ಅವಳ ಬುತ್ತಿಗೆ ಮರುವಾಯಿ ಸುಕ್ಕ.