ಆರೋಪಿಯ ಮನೆಗೆ ಹೋಗದವನು

ನಮ್ಮ ಬೀದಿಯವರ ಪಾಲಿಗೆ ಪೊಲೀಸರು ಹಿಡಿದರೆಂದರೆ ಅಪರಾಧ ಸಾಬೀತಾಯಿತು, ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತು. ಪತ್ರಿಕೆಯೊಂದಕ್ಕೆ ಇಪ್ಪತ್ತೆಂಟು ವರ್ಷ ಕೋರ್ಟಿನ ಸುದ್ದಿ ಬರೆದ ನನಗೆ ಇದನ್ನು ಕೇಳಿಕೊಂಡು ಸುಮ್ಮನಿರಲು ಆಗುವುದಿಲ್ಲ. ಹಾಲು ತರಲು ಹೋದವನು ಬೂತಿನ ಮುಂದೆಯೇ ಪಾಠ ಶುರುಮಾಡುತ್ತೇನೆ. ದೂರಿನಲ್ಲಿ ಹೆಸರಿರುವವನು ಆರೋಪಿ. ಅಪರಾಧಿ ಎನ್ನಲು ನ್ಯಾಯಾಲಯದ ತೀರ್ಪು ಬೇಕು. ದೋಷಾರೋಪ ಪಟ್ಟಿ ಪೊಲೀಸರ ಮಾತು, ನ್ಯಾಯಾಧೀಶರದಲ್ಲ. ಜಾಮೀನು ಬಿಡುಗಡೆಯಲ್ಲ, ಕರೆದಾಗ ಬರುತ್ತೇನೆಂಬ ಮಾತಿನ ಮೇಲೆ ಹೊರಗಿರಲು ಸಿಗುವ ಅನುಮತಿ. ಕೆಲವರಿಗೆ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುವ ಷರತ್ತೂ ಇರುತ್ತದೆ. ಬೂತಿನವರು ಎಲ್ಲ ಕೇಳಿ, "ಆಯ್ತು ಬುಡಿ ಸಾರ್, ಒಟ್ನಲ್ಲಿ ಕಳ್ಳನೇ ತಾನೆ?" ಎಂದು ಪ್ಯಾಕೆಟ್ಟು ಕೈಗಿಡುತ್ತಾರೆ.

ಕಚೇರಿಯಲ್ಲೂ ನಾನು ಹೀಗೆಯೇ ಇದ್ದೆ. ಹೊಸಬರು 'ಕಳ್ಳನ ಬಂಧನ' ಎಂದು ಬರೆದು ತಂದರೆ ಕೆಂಪು ಶಾಯಿಯಲ್ಲಿ 'ಆರೋಪಿ' ಎಂದು ತಿದ್ದುತ್ತಿದ್ದೆ. ಬೆನ್ನ ಹಿಂದೆ ಅವರು ನನ್ನನ್ನೇ 'ಆರೋಪಿ ಸಾರ್' ಎನ್ನುತ್ತಿದ್ದರೆಂದು ನಿವೃತ್ತಿಯ ದಿನ ಗೊತ್ತಾಯಿತು. ಇನ್ನೊಂದು ಕಟ್ಟುನಿಟ್ಟೂ ನನಗಿತ್ತು: ವಿಚಾರಣೆ ನಡೆಯುತ್ತಿರುವ ಕೇಸಿನ ಯಾವ ಕಡೆಯವರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿಯಬಾರದು.

ಹೀಗಿರುವಾಗ ಗುರುಮಲ್ಲುವಿನ ಕೇಸು ಬಂತು. ಕುಂಬಾರಕೊಪ್ಪಲಿನ ಗುರುಮಲ್ಲು ಹೈಸ್ಕೂಲಿನಿಂದ ನನ್ನ ಗೆಳೆಯ, ಒಂದು ಕಲ್ಯಾಣ ಮಂಟಪದಲ್ಲಿ ಮ್ಯಾನೇಜರು. ಅಲ್ಲಿನ ಆಳೆತ್ತರದ ಹಿತ್ತಾಳೆ ದೀಪದ ಕಂಬಗಳು ಕಾಣೆಯಾದವು. ಉಗ್ರಾಣದ ಬೀಗದ ಕೈ ಇವನ ಬಳಿ ಇತ್ತೆಂದು ಇವನನ್ನೇ ಬಂಧಿಸಿದರು. ಸುದ್ದಿ ಬರೆದವನು ನಾನು. 'ಆರೋಪಿ' ಎಂದೇ ಬರೆದೆ, ಒಂದು ಪದವೂ ತಪ್ಪಿರಲಿಲ್ಲ. ಮೂರನೆಯ ದಿನ ಜಾಮೀನು ಸಿಕ್ಕಿತು, ಅದನ್ನೂ ಬರೆದೆ. ಅವನ ಮನೆಗೆ ಮಾತ್ರ ಹೋಗಲಿಲ್ಲ.

ವಿಚಾರಣೆ ನಾಲ್ಕು ವರ್ಷ ಎಳೆಯಿತು. ಅದಕ್ಕೆ ಮುಂಚೆ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು. ದಾರಿಯಲ್ಲಿ ಸಿಗುವ ದೊಡ್ಡ ಕಲ್ಲಿನ ಬಸವನ ಹತ್ತಿರ ಕೂತು ಒಂದು ಸೌತೆಕಾಯಿ ಹಂಚಿಕೊಳ್ಳುವುದು; ಖಾರದ ಪುಡಿ ಹೆಚ್ಚಾದ ಅರ್ಧವನ್ನು ಅವನು ಯಾವಾಗಲೂ ನನ್ನ ಕಡೆ ತಳ್ಳುವುದು. ಒಬ್ಬನೇ ಹತ್ತತೊಡಗಿದ ಮೇಲೆ ತಿಳಿಯಿತು, ಇಡೀ ಸೌತೆಕಾಯಿ ಒಬ್ಬ ಮನುಷ್ಯನಿಗೆ ಬಹಳ ಹೆಚ್ಚು. ಕೋರ್ಟಿನ ಮೊಗಸಾಲೆಯಲ್ಲಿ ಅವನು ಎದುರಾದರೆ ನಾನು ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದೆ.

ನಾನು ನಿವೃತ್ತನಾಗುವ ತಿಂಗಳೇ ಅವನಿಗೆ ಖುಲಾಸೆಯಾಯಿತು. ಆರೋಪ ರುಜುವಾತಾಗಲಿಲ್ಲ, ಬಿಟ್ಟಿದ್ದೇವೆ ಎಂದು ಅದರ ಅರ್ಥ. ಬಂಧನದ ಸುದ್ದಿಗೆ ಸಿಗುವ ಜಾಗ ಖುಲಾಸೆಗೆ ಸಿಗುವುದಿಲ್ಲ. ನಾನು ಹಟಮಾಡಿ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿ, ಪತ್ರಿಕೆ ಹಿಡಿದು ಅವನ ಮನೆಗೆ ಹೋದೆ.

ಗುರುಮಲ್ಲು ಓದಿ ಮಡಿಸಿಟ್ಟ. "ಅವತ್ತು ಬರೆದಿದ್ದೂ ಸರಿಯಾಗೇ ಇತ್ತು ಕಣೋ. ಬರೆದ್ಬುಟ್ಟು ಮನೆಗೆ ಯಾಕ್ ಬರ್ಲಿಲ್ಲ?"

ನನ್ನ ಕಟ್ಟುನಿಟ್ಟಿನ ವಿಷಯ ಹೇಳಿದೆ.

"ತೀರ್ಪು ಬರೋಗಂಟ ಯಾರನ್ನೂ ಕಳ್ಳ ಅನ್ಬೇಡಿ ಅಂತ ಊರಿಗೆಲ್ಲ ಪಾಠ ಹೇಳ್ತಿದ್ದೆ. ನನ್ ವಿಷಯಕ್ಕೆ ನೀನೂ ತೀರ್ಪು ಬರೋಗಂಟ ಕಾದೆಯಲ್ಲೋ."

ಅವನ ಹೆಂಡತಿ ನಾಗರತ್ನ ಅಡುಗೆಮನೆ ಬಾಗಿಲಿಗೆ ಬಂದು, "ಈಗ ಕಾಫಿ ಕುಡೀಬೋದೇನಣ್ಣ, ಇಲ್ಲಾ ಅಪೀಲಿನ ಗಡುವೂ ಮುಗೀಬೇಕಾ?" ಎಂದರು. ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಗುರುಮಲ್ಲು ಎದ್ದು ಒಳಗೆ ಹೋಗಿದ್ದ.

ಆಮೇಲಿನ ಮೂರು ಭಾನುವಾರ ಬೆಟ್ಟದ ಪಾದದಲ್ಲಿ ಬಿಸಿಲೇರುವವರೆಗೆ ನಿಂತು ವಾಪಸು ಬಂದೆ. ನಾಲ್ಕನೆಯ ಭಾನುವಾರ ಅವನು ಬಂದ. ನನ್ನನ್ನು ನೋಡದೆ ಹತ್ತು ಮೆಟ್ಟಿಲು ಮುಂದೆಯೇ ಹತ್ತಿದ. ಬಸವನ ಹತ್ತಿರ ಕೂತು, ಒಂದು ಸೌತೆಕಾಯಿ ಕೊಯ್ಯಿಸಿ, ಅರ್ಧವನ್ನು ನನ್ನ ಕಡೆ ತಳ್ಳಿದ.

"ಖುಲಾಸೆ ಅಂದ್ಕೋಬೇಡ. ಜಾಮೀನು, ಅಷ್ಟೆ. ಭಾನುವಾರ ಭಾನುವಾರ ಬಂದು ಹಾಜರಿ ಹಾಕ್ಬೇಕು."

ಷರತ್ತಿನ ಜಾಮೀನು ಎಂದರೇನೆಂದು ಎಷ್ಟೋ ಸಲ ಬರೆದಿದ್ದೇನೆ. ಅದು ಸಿಕ್ಕವನ ಕಣ್ಣಲ್ಲಿ ನೀರು ಬರುತ್ತದೆಂದು ಒಮ್ಮೆಯೂ ಬರೆದಿರಲಿಲ್ಲ. ಖಾರದ ಪುಡಿಯೂ ಹೆಚ್ಚಾಗಿತ್ತು, ಅದನ್ನು ದಾಖಲಿಸಬೇಕು.