ಆಮೆಗೊಂದು ಕಾಯಿ, ಮೀನಿಗೆ ಗಿರಣಿ

ಮನಗೂಳಿಯ ಬಸಂತರಾಯ ಸಾಹುಕಾರರು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಹೆಸರು ಕೇಳಿದರೂ ಮೂಗು ಮುಚ್ಚುವ ಮನೆತನ. ಅವರ ಕೋಳಿಗಳ ಮಾತು ಬೇರೆ. ಊರ ಹೊರಗಿನ ಫಾರ್ಮಿನಲ್ಲಿ ಮೊಟ್ಟೆಯಿಡುವ ಆ ಕೋಳಿಗಳಿಗೆ ಕಡಲ ದಂಡೆಯಿಂದ ಚೀಲಗಟ್ಟಲೆ ಒಣಮೀನು ಬರುತ್ತಿತ್ತು. ಮೊದಲು ಪುಡಿಯನ್ನೇ ತರಿಸುತ್ತಿದ್ದರು. ಅದರಲ್ಲಿ ಮರಳು ಬೆರೆಸುತ್ತಾರೆಂಬ ಗುಮಾನಿ ಬಂದ ಮೇಲೆ ಇಡೀ ಮೀನನ್ನೇ ತರಿಸಿ ತಮ್ಮ ಗಿರಣಿಯಲ್ಲಿ ಪುಡಿ ಮಾಡಿಸತೊಡಗಿದರು. ಚೀಲ ಬಿಚ್ಚುವಾಗ ಗಾಳಿಯ ದಿಕ್ಕು ನೋಡಿ ದೂರ ನಿಲ್ಲುತ್ತಿದ್ದರು. ಮಡಿ ಉಳಿಯಿತಲ್ಲ, ಅಷ್ಟು ಸಾಕು.

ಇಂಥವರಿಗೆ ಸುತ್ತಲಿನ ಊರುಗಳಲ್ಲಿ ‘ಕಡಲಾಮೆ ಸಾಹುಕಾರರು’ ಎಂಬ ಹೆಸರು. ಹಿಂದೊಮ್ಮೆ ಹೆಂಡತಿ ಜಯಮಾಲಾಳನ್ನು ಕರೆದುಕೊಂಡು ಕಾರವಾರದ ಕಡೆ ಹೋದಾಗ ಅಂಗೈಯಲ್ಲಿ ಹಿಡಿಸುವ ಆಮೆಮರಿಯೊಂದನ್ನು ಕಡಲಿಗೆ ಬಿಟ್ಟಿದ್ದರು. ಬಿಟ್ಟದ್ದು ಒಂದು ಗಳಿಗೆಯ ಕೆಲಸ. ಅದರ ಫೋಟೋ ತೋರಿಸುವ ಕೆಲಸ ಇನ್ನೂ ಮುಗಿದಿಲ್ಲ. ಪಡಸಾಲೆಯಲ್ಲಿ ಅದು ತೀರಿಹೋದ ಅಪ್ಪನ ಫೋಟೋಕ್ಕಿಂತ ಒಂದು ಗೇಣು ಮೇಲೇ ತೂಗುತ್ತಿತ್ತು. ಬಸವನ ಬಾಗೇವಾಡಿಯ ಸಂಘವೊಂದು ಬರುವ ರವಿವಾರ ಅವರಿಗೆ ‘ಪರಿಸರ ಬಂಧು’ ಎಂದು ಶಾಲು ಹೊದಿಸಲಿತ್ತು. ಸಾಹುಕಾರರು ಭಾಷಣ ಬಾಯಿಪಾಠ ಮಾಡುತ್ತಿದ್ದರು.

ಶುಕ್ರವಾರ ಗಿರಣಿಗೆ ಚೀಲ ಸುರಿಯುತ್ತಿದ್ದ ಆಳು ಗೈಬುಸಾಬ ಕೈ ತಡೆದ. ಕಿರುಬೆರಳುದ್ದದ ಮೀನುಗಳ ನಡುವೆ ಒಣಗಿ ಕರ್ರಗಾದ ಆಮೆಮರಿ.

“ಸಾವ್ಕಾರ್ರ, ನಿಮ್ಮ ಫೋಟೋದಾಗಿಂದು ಇಲ್ಲಿ ಬಂದೈತ್ರಿ.”

ಸಾಹುಕಾರರು ಗಾಳಿಯ ದಿಕ್ಕು ಮರೆತು ಹತ್ತಿರ ಬಂದರು. ಕಣ್ಣೀರು ಬಂದದ್ದು ನಿಜ, ಸುಳ್ಳು ಹೇಳಬಾರದು. ಆದರೆ ಕಣ್ಣೊರೆಸಿಕೊಂಡ ಕೂಡಲೇ ಅವರು ನೋಡಿದ್ದು ಗೇಟಿನ ಕಡೆ. ಈ ಸುದ್ದಿ ಬಾಗೇವಾಡಿಗೆ ಮುಟ್ಟಿದರೆ ಶಾಲೂ ಹೋಯಿತು, ಮಾನವೂ ಹೋಯಿತು.

“ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದು ಗೈಬುಸಾಬನಿಗೆ ತಾಕೀತು ಮಾಡಿ, ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿಸಿದರು. ಮರಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಮಣ್ಣು ಮಾಡಿದರು. ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರು.

ಮನೆಯಿಂದ ಪೂಜೆಯ ಸಾಮಾನು ತಂದಿದ್ದ ಜಯಮಾಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಚೀಲದತ್ತ ನೋಡಿದಳು. “ಉಳದವಕ್ಕ ಏನ ಮಾಡ್ತೀರಿ? ಅವೂ ಮರಿನ ಅಲ್ಲೇನ್ರಿ?”

“ಅವಕ್ಕೇನ ಧಾಡಿ? ಬೇಕಾದಷ್ಟ ಅದಾವ. ಆಮಿ ಅಂದ್ರ ಅಪರೂಪದ ಜೀವಾ. ಗೈಬು, ಚಾಲೂ ಮಾಡು.”

ಗಿರಣಿ ಗುರ್ರೆಂದಿತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅಂತಾರೆ. ನಮ್ಮ ಸಾಹುಕಾರರಿಗೆ ಗಾಳ ಹಾಕುವ ತ್ರಾಸೂ ಇರಲಿಲ್ಲ, ಮೀನು ಲಾರಿ ಹತ್ತಿ ಬಾಗಿಲಿಗೇ ಬರುತ್ತಿತ್ತು.

ರವಿವಾರ ವೇದಿಕೆಯ ಮೇಲೆ ಕೂತಿದ್ದಾಗ ಫೋನು ಬಂತು. ಚೀಲ ಕಳಿಸುವ ವ್ಯಾಪಾರಿ ಬಾಬುಲಾಲ.

“ಸಾವ್ಕಾರ್ರ, ಇನ್ನ ಮುಂದ ಮಾಲು ಬರಂಗಿಲ್ರಿ. ಬಲ್ಯಾಗ ಏನೂ ಬೀಳವಲ್ದು.”

“ಯಾಕ, ಕಡಲ ಬತ್ತೇತೇನು?”

“ನೀರ ಐತ್ರಿ, ಮೀನಿಲ್ಲ. ಮರಿ ಇದ್ದಾಗ್ಲೇ ಬಳಕೊಂಡ್ರ ದೊಡ್ಡವು ಎಲ್ಲಿಂದ ಬರಬೇಕು? ಬಲಿ ಎಳದ ಎಳದ ಕಡಲಿನ ತಳಾನ ಹೊಲದಂಗ ಹರಗಿಬಿಟ್ಟಾರ. ಏಡಿ ಇಲ್ಲ, ಸೀಗಡಿ ಇಲ್ಲ.”

ಶಾಲು ಹೆಗಲಿಗೆ ಬಿತ್ತು. ಮೈಕಿನ ಮುಂದೆ ನಿಂತ ಸಾಹುಕಾರರಿಗೆ ತಾವು ಬಿಟ್ಟ ಆಮೆ ನೆನಪಾಯಿತು. ಬರೀ ನೀರಿನಲ್ಲಿ ಅದು ಏನು ತಿಂದು ಬದುಕಬೇಕು? ಗಂಟಲು ಕಟ್ಟಿತು. ಜನ ಅದನ್ನು ಕರುಣೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ್ದೇ ಗಂಟಲು ಸಡಿಲಾಗಿ, ಭಾಷಣ ಸರಾಗವಾಗಿ ಹರಿಯಿತು.

ಊರಿಗೆ ಮರಳಿದವರು ಶಾಲು ಕೂಡ ತೆಗೆಯದೆ ನೇರ ಫಾರ್ಮಿಗೆ ನಡೆದರು. ಗಿರಣಿಯ ಪಕ್ಕ ಒಂದೇ ಚೀಲ ಉಳಿದಿತ್ತು.

“ಗೈಬು, ಅದನ್ನ ಹಾಕು. ಖಾಲಿ ಚೀಲ ಝಾಡಸು, ನೆಲಾನೂ ಉಡುಗಿ ಹಾಕು. ಒಂದ ಮೀನೂ ಬಿಡಬ್ಯಾಡ.”

“ಮತ್ತ ಆಮಿ ಸಿಕ್ರ?”

ಸಾಹುಕಾರರು ಬೇವಿನ ಗಿಡದತ್ತ ಹೊರಳಿಯೂ ನೋಡಲಿಲ್ಲ.

“ಅದನ್ನೂ ಹಾಕು.”